ಒಂದು ಬಿಲ್, ನಾಲ್ಕು ಸೇವೆ: ವೆಬ್‌ಸೈಟನ್ನು ಬೇರೆ ಹೋಸ್ಟಿಂಗಿಗೆ ಸಾಗಿಸುವ ಮುನ್ನ

ಹೋಸ್ಟಿಂಗ್, ಅಂದರೆ ವೆಬ್‌ಸೈಟ್ ಇಡಲು ಬಾಡಿಗೆಗೆ ಪಡೆದ ಜಾಗ, ಬದಲಿಸುವ ಯೋಚನೆ ಸಾಮಾನ್ಯವಾಗಿ ಹುಟ್ಟುವುದು ರಿನ್ಯೂವಲ್ ಬಿಲ್ ಬಂದ ದಿನ. ಮೊದಲ ಸಲ ಕೊಂಡಾಗ ಇದ್ದ ಬೆಲೆ ಈಗ ಎರಡು ಪಟ್ಟೋ ಮೂರು ಪಟ್ಟೋ ಆಗಿರುತ್ತದೆ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಇದನ್ನು ಮೋಸ ಅನ್ನುವ ಹಾಗೂ ಇಲ್ಲ. ರಿಯಾಯಿತಿ ಮೊದಲ ಅವಧಿಗೆ ಮಾತ್ರ ಅಂತ ಕೊಳ್ಳುವಾಗಲೇ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಅಷ್ಟೆ.

ಬೇರೆ ಕಡೆ ಹೋಗಬೇಕು ಅನ್ನಿಸಿದರೂ ಹೆಚ್ಚಿನವರು ಕೈ ಹಾಕುವುದಿಲ್ಲ. ಹತ್ತು ವರ್ಷದ ಬರಹಗಳು ದಾರಿಯಲ್ಲಿ ಕಳೆದುಹೋದರೆ? ಈ ಹೆದರಿಕೆಗೆ ಕಾರಣ ಇಲ್ಲದೆ ಇಲ್ಲ. ಮೈಸ್ಪೇಸ್ ಅಂತ ಒಂದು ತಾಣ ಇತ್ತಲ್ಲ, ಒಂದು ಕಾಲಕ್ಕೆ ಜಗತ್ತಿನ ಹೊಸ ಹಾಡುಗಾರರೆಲ್ಲ ಅಲ್ಲೇ ಇದ್ದರು. ಸರ್ವರ್, ಅಂದರೆ ಸೈಟು ಇರುವ ಯಂತ್ರ, ಸಾಗಿಸುವ ಕೆಲಸದಲ್ಲಿ ಹಳೆಯ ಫೋಟೋ, ವಿಡಿಯೋ, ಹಾಡುಗಳು ಹೋಗಿಬಿಟ್ಟಿವೆ ಅನ್ನುವ ಸುದ್ದಿ 2019ರಲ್ಲಿ ಹೊರಬಿತ್ತು. ಅಷ್ಟು ದೊಡ್ಡವರಿಗೇ ಹೀಗಾದರೆ ನಮ್ಮ ಪಾಡೇನು ಅನ್ನಿಸುವುದು ಸಹಜ.

ಆದರೆ ಚಿಕ್ಕ ಸೈಟಿನವರಿಗೆ ಒಂದು ಅನುಕೂಲ ಇದೆ. ಇಡೀ ಸೈಟು ಒಂದು ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಹೊರುವ ಭಾರ ಕಡಿಮೆ. ಎಡವಟ್ಟು ಆಗುವುದು ಬೇರೆ ಕಡೆ: ಬಿಲ್ ಒಂದೇ ಬರುತ್ತದೆ, ಅದರೊಳಗೆ ನಾಲ್ಕು ಬೇರೆ ಬೇರೆ ಸೇವೆಗಳಿರುತ್ತವೆ, ನಾವು ಎಲ್ಲವನ್ನೂ ಸೇರಿಸಿ ‘ಹೋಸ್ಟಿಂಗ್’ ಅಂದುಕೊಂಡಿರುತ್ತೇವೆ. ಸಾಗಿಸುವಾಗ ಒಂದನ್ನು ಕಿತ್ತರೆ ಇನ್ನೊಂದು ಅದರ ಜೊತೆ ಕಿತ್ತು ಬರುತ್ತದೆ.

ಆ ನಾಲ್ಕು ಯಾವುವು

ಮೊದಲನೆಯದು ಡೊಮೇನ್, ಅಂದರೆ ಸೈಟಿನ ಹೆಸರು. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿ ಅಮೆರಿಕದ ವೆರಿಸೈನ್ ಹತ್ತಿರ ಇದೆ. ಡಾಟ್ ಇನ್ ಪಟ್ಟಿ ನಮ್ಮ ದೇಶದ ನಿಕ್ಸಿ ಹತ್ತಿರ ಇದೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಅನ್ನುವ ಡೊಮೇನೂ ಇದೆ, ಬಳಸುವವರು ಕಡಿಮೆ. ನಮಗೆ ಹೆಸರು ಮಾರುವ ರಿಜಿಸ್ಟ್ರಾರ್ ನಡುವಿನವನು. ಡೊಮೇನ್ ಯಾವತ್ತೂ ಪೂರ್ತಿ ನಮ್ಮದಾಗುವುದಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ವರ್ಷದ ಬಾಡಿಗೆ.

ಎರಡನೆಯದು ಡಿಎನ್‌ಎಸ್. ಆ ಹೆಸರನ್ನು ಯಾರಾದರೂ ಟೈಪ್ ಮಾಡಿದರೆ ಯಾವ ಯಂತ್ರಕ್ಕೆ ಹೋಗಬೇಕು, ಆ ಹೆಸರಿಗೆ ಬಂದ ಮೇಲ್ ಎಲ್ಲಿಗೆ ತಲುಪಬೇಕು ಅಂತ ಹೇಳುವ ದಾಖಲೆಗಳು ಇಲ್ಲಿರುತ್ತವೆ. ಇಂಟರ್‌ನೆಟ್ಟಿನ ಶುರುವಿನ ದಿನಗಳಲ್ಲಿ ಇದೆಲ್ಲ ಒಂದೇ ಒಂದು ಫೈಲಿನಲ್ಲಿತ್ತು. ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆ ಅದನ್ನು ಇಟ್ಟುಕೊಂಡಿತ್ತು. ಉಳಿದವರೆಲ್ಲ ಅದನ್ನು ಆಗಾಗ ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಜಾಸ್ತಿಯಾದ ಹಾಗೆ ಅದು ನಡೆಯುವ ಮಾತಾಗಿರಲಿಲ್ಲ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಆ ಹಳೆಯ ಹೋಸ್ಟ್ಸ್ ಫೈಲಿನ ವಂಶದ ಒಂದು ಕುಡಿ ಈಗಲೂ ನಿಮ್ಮ ಕಂಪ್ಯೂಟರಿನಲ್ಲಿದೆ. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಮೂರನೆಯದು ನಿಜವಾದ ಹೋಸ್ಟಿಂಗ್: ಸೈಟಿನ ಫೈಲುಗಳು ಮತ್ತು ಡೇಟಾಬೇಸ್ ಇರುವ ಯಂತ್ರ. ನಾಲ್ಕನೆಯದು ಮೇಲ್. ಸಂಪಾದಕರು ಅಟ್ ನಿಮ್ಮ ಡೊಮೇನ್ ಅನ್ನುವಂಥ ವಿಳಾಸಗಳು, ಅವುಗಳ ಹಳೆಯ ಪತ್ರಗಳು.

ಈ ನಾಲ್ಕನ್ನೂ ಒಂದೇ ಕಂಪನಿಯಿಂದ ಕೊಳ್ಳಬಹುದು, ನಾಲ್ಕು ಕಂಪನಿಗಳಿಂದಲೂ ಕೊಳ್ಳಬಹುದು. ನನ್ನ ಸಲಹೆ ಕೇಳಿದರೆ, ಡೊಮೇನನ್ನಾದರೂ ಹೋಸ್ಟಿಂಗ್ ಕಂಪನಿಯಿಂದ ಬೇರೆ ಇಟ್ಟುಕೊಳ್ಳಿ. ಜಗಳವಾದರೂ ಹೆಸರು ನಿಮ್ಮ ಕೈಯಲ್ಲಿರುತ್ತದೆ. ಜೊತೆಗೆ ಅದು ಯಾರ ಹೆಸರಿನಲ್ಲಿ, ಯಾವ ಇಮೇಲಿನಲ್ಲಿ ರಿಜಿಸ್ಟರ್ ಆಗಿದೆ ಅಂತ ಇವತ್ತೇ ನೋಡಿ. ಸಂಘ ಸಂಸ್ಥೆಗಳ, ಶಾಲೆಗಳ, ಸಣ್ಣ ಪತ್ರಿಕೆಗಳ ಎಷ್ಟೋ ಡೊಮೇನುಗಳು ಸೈಟು ಮಾಡಿಕೊಟ್ಟ ಹುಡುಗನ ಸ್ವಂತ ಜಿಮೇಲಿನಲ್ಲಿರುತ್ತವೆ. ಅವನು ಈಗ ಯಾವ ಊರಿನಲ್ಲಿದ್ದಾನೋ!

ಹೋಸ್ಟಿಂಗ್ ಬದಲಿಸಲು ಡೊಮೇನನ್ನು ಬೇರೆ ರಿಜಿಸ್ಟ್ರಾರಿಗೆ ವರ್ಗಾಯಿಸುವ ಅಗತ್ಯವೇ ಇಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಹೊಸ ಕಂಪನಿಗಳು ‘ಡೊಮೇನನ್ನೂ ಇಲ್ಲಿಗೇ ತನ್ನಿ’ ಅಂತ ಕರೆಯುತ್ತವೆ. ಅದು ಬೇರೆಯೇ ಕೆಲಸ. ಅದಕ್ಕೆ ಲಾಕ್ ತೆಗೆಯಬೇಕು, ಹಳೆಯ ರಿಜಿಸ್ಟ್ರಾರಿನಿಂದ ಆಥ್ ಕೋಡ್ ಅನ್ನುವ ಗುಟ್ಟಿನ ಸಂಕೇತ ಪಡೆಯಬೇಕು. ಡಾಟ್ ಕಾಮ್ ಆದರೆ, ಹೊಸದಾಗಿ ಕೊಂಡ ಅಥವಾ ಈಚೆಗೆ ವರ್ಗವಾದ ಹೆಸರಿಗೆ 60 ದಿನದ ತಡೆಯೂ ಇರುತ್ತದೆ. ಸೈಟು ಸಾಗಿಸುವ ವಾರ ಈ ಗೋಜಿಗೆ ಹೋಗಲೇಬೇಡಿ.

ಎಲ್ಲಿಗೆ ಹೋಗಬೇಕು

ಶೇರ್ಡ್ ಹೋಸ್ಟಿಂಗ್ ಅಂದರೆ ವಠಾರ. ಒಂದೇ ಯಂತ್ರದಲ್ಲಿ ನೂರಾರು ಸೈಟು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಮೂಲೆ ಮನೆಯಲ್ಲಿ ನೆಂಟರು ಬಂದರೆ ನಮ್ಮ ಬಿಂದಿಗೆಗೆ ನೀರು ಸಣ್ಣಗೆ ಬೀಳುತ್ತದೆ. ಬಾಡಿಗೆ ಕಡಿಮೆ, ರಿಪೇರಿ ಓನರ್ ನೋಡಿಕೊಳ್ಳುತ್ತಾರೆ. ಒಂದು ಕನ್ನಡ ಪತ್ರಿಕೆಗೆ, ಊರಿನ ಸಂಘಕ್ಕೆ ಇದು ಧಾರಾಳವಾಗಿ ಸಾಕು.

‘ಅನ್‌ಲಿಮಿಟೆಡ್’ ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಜಾಗಕ್ಕೆ ಮಿತಿ ಇಲ್ಲ ಅನ್ನುತ್ತಾರೆ, ಫೈಲುಗಳ ಎಣಿಕೆಗೆ ಮಿತಿ ಇಟ್ಟಿರುತ್ತಾರೆ. ಅದಕ್ಕೆ ಐನೋಡ್ ಮಿತಿ ಅಂತ ಹೆಸರು. ಸೈಟು ನಡೆಸಲು ಬಹಳ ಜನ ಬಳಸುವ ತಂತ್ರಾಂಶ ವರ್ಡ್‌ಪ್ರೆಸ್. ಅದಕ್ಕೆ ನೀವು ಒಂದು ಫೋಟೋ ಏರಿಸಿದರೆ ಅದು ಬೇರೆ ಬೇರೆ ಅಳತೆಯಲ್ಲಿ ಹಲವು ಪ್ರತಿ ಮಾಡಿಡುತ್ತದೆ. ಹೀಗಾಗಿ ಜಾಗ ತುಂಬುವ ಮೊದಲೇ ಎಣಿಕೆ ತುಂಬುತ್ತದೆ.

ವಿಪಿಎಸ್ ಅಂದರೆ ಅದೇ ಯಂತ್ರದಲ್ಲಿ ನಮಗಾಗಿ ಬೇರ್ಪಡಿಸಿಟ್ಟ ಪಾಲು. ವೇಗ ಚೆನ್ನಾಗಿರುತ್ತದೆ, ಆದರೆ ಸೆಕ್ಯುರಿಟಿ ಅಪ್‌ಡೇಟ್, ಬ್ಯಾಕಪ್, ರಾತ್ರಿ ಸರ್ವರ್ ಮಲಗಿದರೆ ಎಬ್ಬಿಸುವುದು ಎಲ್ಲ ನಮ್ಮದೇ ತಲೆನೋವು. ಸರ್ವರ್ ನಡೆಸುವ ಲಿನಕ್ಸ್ ತಂತ್ರಾಂಶ ಗೊತ್ತಿಲ್ಲದವರು ಬರೀ ವೇಗದ ಆಸೆಗೆ ವಿಪಿಎಸ್ ಕೊಳ್ಳಬಾರದು. ಮ್ಯಾನೇಜ್ಡ್ ಹೋಸ್ಟಿಂಗಿನಲ್ಲಿ ಆ ತಲೆನೋವನ್ನು ದುಡ್ಡು ಕೊಟ್ಟು ಇನ್ನೊಬ್ಬರಿಗೆ ಒಪ್ಪಿಸುತ್ತೇವೆ. ಕ್ಲೌಡ್ ಅಂದರೆ ಬಳಸಿದಷ್ಟಕ್ಕೆ ಲೆಕ್ಕ. ಚಿಕ್ಕ ಸೈಟಿಗೆ ಅದರ ಬಿಲ್ ಓದುವುದೇ ಒಂದು ಕೆಲಸ.

ಯಂತ್ರ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಾಜಿನ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕ್ ಕಡೆಗೆ 13 ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಹೋಗಿ ಬರಲು ಕಡಿಮೆ ಅಂದರೂ ಸೆಕೆಂಡಿನ ಎಂಟನೇ ಒಂದು ಭಾಗ ಬೇಕು, ನಿಜವಾದ ಕೇಬಲ್ ದಾರಿ ಸುತ್ತು ಬಳಸು ಆದ್ದರಿಂದ ಅದಕ್ಕಿಂತ ಹೆಚ್ಚೇ ಆಗುತ್ತದೆ. ಒಂದು ಪುಟ ತೆರೆಯುವಾಗ ಇಂಥ ಓಡಾಟ ಹಲವು ಸಲ ನಡೆಯುತ್ತದೆ. ಈಗ ಮುಂಬಯಿಯಲ್ಲಿ ದೊಡ್ಡ ಕ್ಲೌಡ್ ಕಂಪನಿಗಳೆಲ್ಲ ಇವೆ. ಡಿಜಿಟಲ್‌ಓಶನ್ 2016ರಲ್ಲಿ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಶುರು ಮಾಡಿತು. ಓದುವವರೆಲ್ಲ ಕರ್ನಾಟಕದಲ್ಲಿದ್ದರೆ ಯಂತ್ರವೂ ಹತ್ತಿರ ಇರಲಿ. ಅಮೆರಿಕದ ಕನ್ನಡ ಕೂಟಗಳವರೂ ನಿಮ್ಮ ಓದುಗರಾಗಿದ್ದರೆ ಭಾರತದ ಸರ್ವರಿನ ಮುಂದೆ ಒಂದು ಸಿಡಿಎನ್, ಅಂದರೆ ಪುಟಗಳ ಪ್ರತಿಯನ್ನು ಓದುಗರ ಹತ್ತಿರದ ಯಂತ್ರಗಳಲ್ಲಿ ಇಡುವ ಸೇವೆ, ಇಟ್ಟರೆ ಆಯಿತು.

ಬಟ್ಟೆ ಕಟ್ಟುವ ಮೊದಲು ಪಟ್ಟಿ

ಸಾಗಿಸುವ ಕೆಲಸದಲ್ಲಿ ಫೈಲ್ ನಕಲು ಮಾಡುವುದು ಎಲ್ಲಕ್ಕಿಂತ ಸುಲಭ. ಅದಕ್ಕೂ ಮೊದಲು ಡಿಎನ್‌ಎಸ್ ಪುಟ ತೆರೆದು ಅಲ್ಲಿರುವ ಪ್ರತಿ ಸಾಲನ್ನೂ ಬರೆದಿಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ಆದರೂ ಸರಿ. ಎ ದಾಖಲೆ ಸೈಟಿನ ಯಂತ್ರದ ವಿಳಾಸ ಹೇಳುತ್ತದೆ. ಎಂಎಕ್ಸ್ ದಾಖಲೆ ಮೇಲ್ ಎಲ್ಲಿಗೆ ಅಂತ ಹೇಳುತ್ತದೆ. ಟಿಎಕ್ಸ್‌ಟಿ ಸಾಲುಗಳು ನೋಡಲು ಅರ್ಥವಿಲ್ಲದ ಅಕ್ಷರಗಳ ಹಾಗೆ ಕಂಡರೂ, ‘ಈ ಡೊಮೇನಿನ ಹೆಸರಿನಲ್ಲಿ ಮೇಲ್ ಕಳಿಸಲು ಇವರಿಗೆ ಅನುಮತಿ ಇದೆ’ ಅಂತ ಜಗತ್ತಿಗೆ ಸಾರುವುದು ಅವೇ. ಅವು ಕಳೆದರೆ ನಿಮ್ಮ ಪತ್ರಗಳು ಸ್ಪ್ಯಾಮಿಗೆ ಬೀಳುತ್ತವೆ.

ನಾಲ್ಕು ಎ ಇರುವ ‘ಎಎಎಎ’ ದಾಖಲೆಯನ್ನು ವಿಶೇಷವಾಗಿ ಹುಡುಕಿ. ಅದು ಐಪಿವಿ6, ಅಂದರೆ ಹೊಸ ಬಗೆಯ ಯಂತ್ರ ವಿಳಾಸ. ಸೈಟು ಸಾಗಿಸಿ ಎ ದಾಖಲೆ ಮಾತ್ರ ಬದಲಿಸಿ ಇದನ್ನು ಮರೆತರೆ ವಿಚಿತ್ರ ನಡೆಯುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಹೊಸ ಸೈಟು ಕಾಣುತ್ತದೆ, ಮೊಬೈಲಿನಲ್ಲಿ ಹಳೆಯದೇ ಬರುತ್ತಿರುತ್ತದೆ. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಳಕೆ ಜಾಸ್ತಿ, ಜಿಯೋ ಅಂತೂ ಮೊದಲಿನಿಂದಲೂ. ಕಾರಣ ಗೊತ್ತಿಲ್ಲದೆ ಜನ ದಿನಗಟ್ಟಲೆ ಬ್ರೌಸರಿನ ಹಿಸ್ಟರಿ ಅಳಿಸುತ್ತಾ ಕೂರುತ್ತಾರೆ.

ಇನ್ನು ಬ್ಯಾಕಪ್. ಹೋಸ್ಟಿಂಗ್ ಕಂಪನಿ ದಿನಾ ಬ್ಯಾಕಪ್ ತೆಗೆಯುತ್ತದೆ ಅಂತ ಸುಮ್ಮನಿರಬೇಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟು ಹೋಯಿತು. ಬ್ಯಾಕಪ್ಪೂ ಅದೇ ಆವರಣದಲ್ಲಿದ್ದವರಿಗೆ ಎರಡೂ ಒಟ್ಟಿಗೆ ಬೂದಿ. ಒಂದು ಪ್ರತಿ ನಿಮ್ಮ ಮನೆಯ ಕಂಪ್ಯೂಟರಿನಲ್ಲಿರಲಿ. ಡೇಟಾಬೇಸ್ ಒಂದು ಫೈಲು, ಉಳಿದ ಫೈಲುಗಳ ಒಂದು ಗಂಟು.

ವರ್ಡ್‌ಪ್ರೆಸ್ ಆದರೆ ಬರಹಗಳೆಲ್ಲ ಡೇಟಾಬೇಸಿನಲ್ಲಿ ಇರುತ್ತವೆ. ಚಿತ್ರಗಳು, ಥೀಮ್, ಪ್ಲಗಿನ್ ಎಲ್ಲ ಡಬ್ಲ್ಯುಪಿ-ಕಂಟೆಂಟ್ ಅನ್ನುವ ಫೋಲ್ಡರಿನಲ್ಲಿ. ಈ ಎರಡನ್ನೂ ಬೆಸೆಯುವುದು ಡಬ್ಲ್ಯುಪಿ-ಕಾನ್ಫಿಗ್ ಅನ್ನುವ ಒಂದು ಚಿಕ್ಕ ಫೈಲು. ಹೊಸ ಕಡೆಗೆ ಹೋದಾಗ ಅದರಲ್ಲಿ ಡೇಟಾಬೇಸಿನ ಹೆಸರು, ಬಳಕೆದಾರ, ಪಾಸ್‌ವರ್ಡ್ ಬದಲಾಗುತ್ತವೆ. ಸೈಟಿನ ವಿಳಾಸ ಮೊದಲಿನದೇ ಇದ್ದರೆ ಡೇಟಾಬೇಸಿನೊಳಗೆ ಕೈ ಹಾಕುವ ಅಗತ್ಯವೇ ಬೀಳುವುದಿಲ್ಲ.

ಅದಕ್ಕೇ ಹೇಳುವುದು, ಹೋಸ್ಟಿಂಗ್ ಬದಲಿಸುವ ದಿನ ಬೇರೇನನ್ನೂ ಬದಲಿಸಬೇಡಿ. ಹೊಸ ಥೀಮ್ ಬೇಡ, ಹೊಸ ಡೊಮೇನ್ ಬೇಡ, ಲಿಂಕುಗಳ ಮಾದರಿ ಬದಲಿಸುವುದು ಬೇಡ. ಏನಾದರೂ ಮುರಿದರೆ ಯಾವುದರಿಂದ ಮುರಿಯಿತು ಅಂತ ಗೊತ್ತಾಗಬೇಕಲ್ವಾ? ವಿಳಾಸ ಬದಲಿಸಲೇಬೇಕಾದರೆ ಅದನ್ನು ಟೆಕ್ಸ್ಟ್ ಎಡಿಟರಿನಲ್ಲಿ ಹುಡುಕಿ ಬದಲಿಸುವ ಸಾಹಸ ಮಾಡಬೇಡಿ. ವರ್ಡ್‌ಪ್ರೆಸ್ ತನ್ನ ಕೆಲವು ಸೆಟ್ಟಿಂಗುಗಳನ್ನು ‘ಇಷ್ಟು ಬೈಟ್ ಉದ್ದದ ಪದ’ ಅಂತ ಎಣಿಸಿ ಬರೆದಿಡುತ್ತದೆ. ಪದ ಬದಲಾಗಿ ಎಣಿಕೆ ಹಾಗೇ ಉಳಿದರೆ ಆ ಸೆಟ್ಟಿಂಗ್ ಓದಲು ಬಾರದೆ ಪುಟದ ಬದಿಯ ಚಿಕ್ಕ ಪೆಟ್ಟಿಗೆಗಳು, ಅಂದರೆ ವಿಜೆಟ್ಟುಗಳು, ಮಾಯವಾಗುತ್ತವೆ. ಎಣಿಕೆಯನ್ನೂ ಸರಿಪಡಿಸಿಕೊಂಡು ಬದಲಿಸಲು ಡಬ್ಲ್ಯುಪಿ-ಸಿಎಲ್‌ಐ ಅನ್ನುವ ಉಪಕರಣ ಇದೆ.

ಹೊಸ ಕಂಪನಿಗಳಲ್ಲಿ ಎಷ್ಟೋ ಕಡೆ ಅವರೇ ಪುಕ್ಕಟೆ ಸಾಗಿಸಿ ಕೊಡುತ್ತಾರೆ. ಮಾಡಿಸಿಕೊಳ್ಳಿ, ಸಂಕೋಚ ಬೇಡ. ಆದರೆ ಸಾಗಿಸುವ ಎಂಜಿನಿಯರಿಗೆ ಕನ್ನಡ ಬರುವುದಿಲ್ಲ. ಮುಖಪುಟ ತೆರೆದುಕೊಂಡರೆ ಅವನ ಕೆಲಸ ಮುಗಿಯಿತು. ಅಕ್ಷರ ಸರಿ ಇದೆಯಾ ಅಂತ ನೋಡುವುದು ನಮ್ಮ ಕೆಲಸ.

ಕನ್ನಡ ಅಕ್ಷರ ಕೆಡುವುದು ಇಲ್ಲಿ

ಇಂಗ್ಲಿಷ್ ಸೈಟಿನವರು ನೋಡದೇ ದಾಟಿಹೋಗುವ ಗುಂಡಿಗಳು ಕನ್ನಡ ಸೈಟಿಗೆ ಸಿಗುತ್ತವೆ. ಇವುಗಳ ಬಗ್ಗೆ ಕಂಪನಿಗಳ ಸಹಾಯ ಪುಟಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಯೂನಿಕೋಡಿನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ಮೂರು ಬೈಟ್ ಬೇಕು. ಇಂಗ್ಲಿಷಿಗೆ ಒಂದು ಸಾಕು. ಇನ್ನು ವರ್ಡ್‌ಪ್ರೆಸ್ ಬಳಸುವ ಮೈಎಸ್‌ಕ್ಯುಎಲ್ ಡೇಟಾಬೇಸ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. 2018ರಲ್ಲಿ 8ನೇ ಆವೃತ್ತಿ ಬರುವ ತನಕ, ಯಾರೂ ಏನೂ ಹೇಳದಿದ್ದರೆ ಅದು ಟೇಬಲ್ಲುಗಳನ್ನು ‘ಲ್ಯಾಟಿನ್1’ ಲಿಪಿಯಲ್ಲಿ, ಸ್ವೀಡಿಷ್ ಅಕ್ಷರ ಕ್ರಮದಲ್ಲಿ ಮಾಡುತ್ತಿತ್ತು. ಹೀಗಾಗಿ ಹಳೆಯ ಕನ್ನಡ ಸೈಟುಗಳಲ್ಲಿ ಕೆಲವು ಇವತ್ತಿಗೂ ದಾಖಲೆಯ ಪ್ರಕಾರ ಸ್ವೀಡಿಷ್ ಬರಹಗಳು!

ಹಾಗಿದ್ದರೂ ಇಷ್ಟು ದಿನ ಸರಿಯಾಗಿ ಹೇಗೆ ಕಾಣುತ್ತಿತ್ತು? ‘ಕ’ ಅಕ್ಷರದ ಮೂರು ಬೈಟುಗಳನ್ನು ಡೇಟಾಬೇಸ್ ಮೂರು ಯುರೋಪಿಯನ್ ಅಕ್ಷರ ಅಂದುಕೊಂಡು ಇಟ್ಟುಕೊಂಡಿತು. ಕೇಳಿದಾಗ ಅದೇ ಮೂರು ಬೈಟನ್ನು ವಾಪಸ್ ಕೊಟ್ಟಿತು. ಬ್ರೌಸರ್ ಅದನ್ನು ‘ಕ’ ಅಂತ ಓದಿತು. ಒಳಗೆ ಹೋಗುವಾಗ ಒಂದು ತಪ್ಪು, ಹೊರಗೆ ಬರುವಾಗ ಅದೇ ತಪ್ಪು ತಿರುಗುಮುರುಗು, ಲೆಕ್ಕ ಸರಿಹೋಯಿತು. ಸಾಗಿಸುವಾಗ ಎಕ್ಸ್‌ಪೋರ್ಟ್ ಮಾಡುವ ಉಪಕರಣ ಆ ಮೂರು ಯುರೋಪಿಯನ್ ಅಕ್ಷರಗಳನ್ನು ನಿಜ ಅಂತ ನಂಬಿ, ಒಂದೊಂದನ್ನೂ ಮತ್ತೆ ಯುಟಿಎಫ್-8ಕ್ಕೆ ಬದಲಿಸುತ್ತದೆ. ಹೊಸ ಸೈಟು ತೆರೆದರೆ ಕನ್ನಡ ಇರಬೇಕಾದ ಕಡೆಯೆಲ್ಲ ತಲೆಯ ಮೇಲೆ ಗೀಟು ಇರುವ ಇಂಗ್ಲಿಷ್ ‘ಎ’ (à) ಅಕ್ಷರಗಳ ಸಂತೆ.

ಇಂಥ ಗೀಟಿನ ಅಕ್ಷರಗಳು ಕಂಡರೆ ಹೆದರಬೇಡಿ. ಬೈಟುಗಳೆಲ್ಲ ಇವೆ, ಎರಡು ಸಲ ಸುತ್ತಿಕೊಂಡಿವೆ ಅಷ್ಟೆ. ಹಳೆಯ ಸರ್ವರಿನಿಂದ ‘ಲ್ಯಾಟಿನ್1’ ಅಂತಲೇ ಹೇಳಿ ಎಕ್ಸ್‌ಪೋರ್ಟ್ ಮಾಡಿಸಿ, ಆ ಫೈಲಿನ ಒಳಗಿರುವ ಲಿಪಿಯ ಹೆಸರನ್ನು ‘ಯುಟಿಎಫ್8ಎಂಬಿ4’ ಅಂತ ಬದಲಿಸಿ ಹೊಸ ಕಡೆ ಇಂಪೋರ್ಟ್ ಮಾಡಿದರೆ ಕನ್ನಡ ಮರಳುತ್ತದೆ. ಆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು, ಅಂದರೆ ‘?????’ ಕಂಡರೆ ಹೆದರಿ. ‘ಈ ಅಕ್ಷರ ನನ್ನ ಲಿಪಿಯಲ್ಲಿಲ್ಲ’ ಅಂತ ಡೇಟಾಬೇಸ್ ಅದನ್ನು ಎಸೆದು ಆ ಜಾಗದಲ್ಲಿ ಪ್ರಶ್ನೆ ಇಟ್ಟಿದೆ. ಆ ಪ್ರತಿಯಿಂದ ಏನೂ ವಾಪಸ್ ಬರುವುದಿಲ್ಲ. ಹಳೆಯ ಸರ್ವರ್ ಇನ್ನೂ ಇದ್ದರೆ ಮತ್ತೆ ತರಬಹುದು. ಹಳೆಯ ಅಕೌಂಟನ್ನು ಅವಸರದಲ್ಲಿ ಮುಚ್ಚಬಾರದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮೈಎಸ್‌ಕ್ಯುಎಲ್‌ನ ‘ಯುಟಿಎಫ್8’ ಮತ್ತು ‘ಯುಟಿಎಫ್8ಎಂಬಿ4’ ಒಂದೇ ಅಲ್ಲ. ಮೊದಲನೆಯದು ಮೂರು ಬೈಟಿನವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಅದು ಸಾಕು, ಎಮೋಜಿಗೆ ಸಾಲದು. ಹಳೆಯ ಸೆಟ್ಟಿಂಗಿನಲ್ಲಿ ಬರಹದ ನಡುವೆ ಒಂದು ನಗುಮುಖ ಬಂದರೆ ಅಲ್ಲಿಂದಾಚೆಗಿನ ಪಠ್ಯವೆಲ್ಲ ಕತ್ತರಿಸಿ ಹೋಗುತ್ತಿತ್ತು. ವರ್ಡ್‌ಪ್ರೆಸ್ 2015ರಲ್ಲಿ, 4.2ನೇ ಆವೃತ್ತಿಯಿಂದ, ಎಂಬಿ4ಗೆ ಹೊರಳಿತು. ಹೊಸ ಕಡೆ ಎಂಬಿ4 ಇರಲಿ.

ಇನ್ನೊಂದು ತೊಡಕು ಇಂಪೋರ್ಟ್ ಮಾಡುವಾಗಲೇ ನಿಲ್ಲಿಸಿಬಿಡುತ್ತದೆ. ಹಳೆಯ ಕಡೆ ಮೈಎಸ್‌ಕ್ಯುಎಲ್ 8 ಇದ್ದು ಹೊಸ ಕಡೆ ಅದರಿಂದಲೇ ಕವಲೊಡೆದ ಮರಿಯಾಡಿಬಿ ಇದ್ದರೆ, ‘0900’ ಅನ್ನುವ ಸಂಖ್ಯೆ ಇರುವ ಒಂದು ಕೊಲೇಷನ್ ಗೊತ್ತಿಲ್ಲ ಅನ್ನುವ ದೂರು ಬರಬಹುದು. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವ ನಿಯಮದ ಹೆಸರು ಅದು, ಮರಿಯಾಡಿಬಿಯ ಬಹಳಷ್ಟು ಆವೃತ್ತಿಗಳಿಗೆ ಗೊತ್ತಿಲ್ಲ. ಎಕ್ಸ್‌ಪೋರ್ಟ್ ಫೈಲಿನಲ್ಲಿ ಆ ಹೆಸರಿನ ಬದಲು ‘ಯುನಿಕೋಡ್_ಸಿಐ’ ಕೊಲೇಷನ್ ಹಾಕಿದರೆ ಮುಗಿಯಿತು.

ಫೈಲುಗಳ ಹೆಸರು ಕನ್ನಡದಲ್ಲಿದ್ದರೆ ಅಲ್ಲೂ ಒಂದು ಆಟ ಇದೆ. ‘ಕವಿಗೋಷ್ಠಿ’ ಅಂತ ಹೆಸರಿಟ್ಟು ಒಂದು ಚಿತ್ರ ಏರಿಸಿದ್ದೀರಿ ಅನ್ನಿ. ‘ಗೋ’ ಒಳಗಿನ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸರ್ವರಿಗೆ ಎರಡು ಬೇರೆ ಹೆಸರು. ಹಳೆಯ ಮ್ಯಾಕ್ ಕಂಪ್ಯೂಟರುಗಳು ಫೈಲಿನ ಹೆಸರನ್ನು ತುಂಡು ಮಾಡಿಯೇ ಇಡುತ್ತಿದ್ದವು. ಅಂಥ ಮ್ಯಾಕಿಗೆ ಇಳಿಸಿ ಮತ್ತೆ ಏರಿಸಿದರೆ ಚಿತ್ರ ಇದ್ದಲ್ಲೇ ಇರುತ್ತದೆ, ಪುಟದಲ್ಲಿ ಮಾತ್ರ ಕಾಣುವುದಿಲ್ಲ. ಈ, ಏ, ಐ, ಒ, ಓ ಕಾರಗಳಿರುವ ಹೆಸರುಗಳಿಗೆಲ್ಲ ಇದೇ ಕಥೆ. ನಡುವೆ ಮನೆಯ ಕಂಪ್ಯೂಟರನ್ನು ತರದೆ ಸರ್ವರಿನಿಂದ ಸರ್ವರಿಗೆ ನೇರ ನಕಲು ಮಾಡುವುದು ಒಳ್ಳೆಯದು. ಅಥವಾ ಗಂಟು ಕಟ್ಟಿದ ಒಂದೇ ಫೈಲಾಗಿ ಸಾಗಿಸಿ ಅಲ್ಲಿಯೇ ಬಿಚ್ಚಿ.

ಕನ್ನಡ ಶೀರ್ಷಿಕೆಯ ಲಿಂಕುಗಳ ಬಗ್ಗೆಯೂ ಒಂದು ಮಾತು. ವೆಬ್ ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಪರ್ಸೆಂಟ್ ಗುರುತುಗಳ ಸಮೇತ ಒಂಬತ್ತು ಅಕ್ಷರವಾಗುತ್ತದೆ. ವರ್ಡ್‌ಪ್ರೆಸ್ ಅದಕ್ಕೆ ಕೊಡುವ ಜಾಗ 200 ಅಕ್ಷರ. ‘ಕರ್ನಾಟಕ’ ಒಂದೇ ಪದ 63 ತಿನ್ನುತ್ತದೆ. ಅಂದರೆ ಇಂಥ ಮೂರು ಪದ ದಾಟುವಷ್ಟರಲ್ಲಿ ವಿಳಾಸ ತುಂಡಾಗುತ್ತದೆ. ಈ ತುಂಡು ವಿಳಾಸಗಳೇ ಹತ್ತು ವರ್ಷದಿಂದ ವಾಟ್ಸಾಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಓಡಾಡುತ್ತಿವೆ. ನೋಡಲು ಚೆನ್ನಾಗಿಲ್ಲ ಅಂತ ಸಾಗಣೆಯ ನೆಪದಲ್ಲಿ ಅವನ್ನು ‘ಸರಿಪಡಿಸಲು’ ಹೋದರೆ ಹಳೆಯ ಲಿಂಕುಗಳೆಲ್ಲ ಸತ್ತವು. ಗೂಗಲ್‌ನ ಬ್ಲಾಗ್ ತಾಣ ಬ್ಲಾಗರಿನಿಂದ ಬಂದವರಿಗೆ ಇನ್ನೊಂದು ಅನುಭವ ಇರುತ್ತದೆ. ಅದು ಕನ್ನಡ ಶೀರ್ಷಿಕೆಯನ್ನು ಪೂರ್ತಿ ಬಿಟ್ಟು ‘ಬ್ಲಾಗ್-ಪೋಸ್ಟ್’ ಅಂತ ಹೆಸರಿಡುತ್ತಿತ್ತು, ಎರಡನೆಯದಕ್ಕೆ ಬಾಲಕ್ಕೊಂದು ಸಂಖ್ಯೆ. ಚೆಂದವೋ ಚೆಂದ. ಆದರೂ ಅವು ಬದುಕಿರುವ ಲಿಂಕುಗಳು.

ಪರೀಕ್ಷೆ, ಆಮೇಲೆ ತಿರುವು

ಹೊಸ ಸರ್ವರಿನಲ್ಲಿ ಸೈಟು ಸಿದ್ಧವಾಗಿದೆ. ಜಗತ್ತಿಗೆ ತೋರಿಸುವ ಮೊದಲು ನೀವೊಬ್ಬರೇ ನೋಡುವುದು ಹೇಗೆ? ಡಿಎನ್‌ಎಸ್‌ಗಿಂತ ಹಳೆಯ ಆ ಹೋಸ್ಟ್ಸ್ ಫೈಲ್ ಇಲ್ಲಿ ಬೇಕು. ನಿಮ್ಮ ಕಂಪ್ಯೂಟರಿನ ಆ ಫೈಲಿನಲ್ಲಿ ಹೊಸ ಸರ್ವರಿನ ಐಪಿ ವಿಳಾಸ ಮತ್ತು ನಿಮ್ಮ ಡೊಮೇನಿನ ಹೆಸರನ್ನು ಒಂದೇ ಸಾಲಿನಲ್ಲಿ ಬರೆದರೆ, ನಿಮ್ಮ ಕಂಪ್ಯೂಟರಿಗೆ ಮಾತ್ರ ಆ ಹೆಸರು ಹೊಸ ಸರ್ವರಿಗೆ ಹೋಗುತ್ತದೆ. ಉಳಿದವರು ಹಳೆಯದನ್ನೇ ನೋಡುತ್ತಿರುತ್ತಾರೆ. ಹತ್ತಾರು ಹಳೆಯ ಬರಹ ತೆರೆದು ಓದಿ, 2008ರದ್ದೂ ಇರಲಿ, ನಿನ್ನೆಯದೂ ಇರಲಿ. ಒತ್ತಕ್ಷರ ನೋಡಿ. ಕಾಮೆಂಟು ನೋಡಿ. ಕನ್ನಡದಲ್ಲಿ ಹುಡುಕಿ ನೋಡಿ.

ಡೊಮೇನನ್ನು ಹೊಸ ಸರ್ವರಿನ ಕಡೆಗೆ ತಿರುವುವ ದಿನಕ್ಕೆ ಮೊದಲು ಡಿಎನ್‌ಎಸ್‌ನಲ್ಲಿ ಟಿಟಿಎಲ್ ಅನ್ನುವ ಸಂಖ್ಯೆ ಇಳಿಸಬೇಕು. ಒಂದು ಉತ್ತರವನ್ನು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಅಂತ ಅದು ಜಗತ್ತಿನ ಸರ್ವರುಗಳಿಗೆ ಹೇಳುತ್ತದೆ. 86400 ಇದ್ದರೆ ಒಂದು ದಿನ, 300 ಇದ್ದರೆ ಐದು ನಿಮಿಷ. ಎರಡು ದಿನ ಮೊದಲೇ 300ಕ್ಕೆ ಇಳಿಸಿಟ್ಟರೆ, ತಿರುವಿದ ಐದು ಹತ್ತು ನಿಮಿಷದಲ್ಲಿ ಹೆಚ್ಚಿನವರು ಹೊಸ ಕಡೆ ಬಂದಿರುತ್ತಾರೆ. ‘48 ಗಂಟೆ ಕಾಯಿರಿ’ ಅಂತ ಸಪೋರ್ಟಿನವರು ಹೇಳುವುದಕ್ಕೂ ಒಂದು ಕಾರಣ ಇದೆ. ನೀವು ಎ ದಾಖಲೆ ಬದಲಿಸದೆ, ಡಿಎನ್‌ಎಸ್ ದಾಖಲೆಗಳನ್ನು ಇಟ್ಟುಕೊಂಡಿರುವ ನೇಮ್‌ಸರ್ವರನ್ನೇ ಬದಲಿಸಿದರೆ, ಡಾಟ್ ಕಾಮ್ ಪಟ್ಟಿಯಲ್ಲಿ ಆ ದಾಖಲೆಯ ಟಿಟಿಎಲ್ 172800 ಸೆಕೆಂಡ್, ಅಂದರೆ ಎರಡು ದಿನ. ಅದನ್ನು ನೀವು ಇಳಿಸಲಾರಿರಿ. ಸಾಧ್ಯವಾದರೆ ನೇಮ್‌ಸರ್ವರ್ ಮುಟ್ಟದೆ ಎ ದಾಖಲೆ ಮಾತ್ರ ಬದಲಿಸಿ. ಹಳೆಯ ಕಂಪನಿಯ ನೇಮ್‌ಸರ್ವರುಗಳೇ ಇದ್ದರೆ ಮಾತ್ರ, ಕೆಲವು ವಾರ ಮೊದಲೇ ಡಿಎನ್‌ಎಸ್ ಒಂದನ್ನೇ ರಿಜಿಸ್ಟ್ರಾರಿನ ಹತ್ತಿರಕ್ಕೆ ಸಾಗಿಸಿ, ಅದೇ ದಾಖಲೆಗಳನ್ನು ಅಲ್ಲಿ ತುಂಬಿ. ಆ ಕಂಪನಿಯ ಅಕೌಂಟ್ ಮುಚ್ಚಿದ ದಿನ ಅದರ ಡಿಎನ್‌ಎಸ್ ಕೂಡ ಹೋಗುತ್ತದೆ.

ತಿರುವುವ ಹೊತ್ತಿನಲ್ಲಿ ಹೊಸ ಬರಹ, ಕಾಮೆಂಟು ನಿಲ್ಲಿಸಿ. ಆ ಅರ್ಧ ಗಂಟೆಯಲ್ಲಿ ಹಳೆಯ ಡೇಟಾಬೇಸಿಗೆ ಬಿದ್ದದ್ದು ಹೊಸದಕ್ಕೆ ಬರುವುದಿಲ್ಲ. ಪುಸ್ತಕ ಮಾರುವ ಸೈಟಾದರೆ ಆರ್ಡರ್ ಕಳೆದುಹೋಗುತ್ತದೆ.

ಎಚ್‌ಟಿಟಿಪಿಎಸ್ ಬೀಗದ ಗುರುತಿಗೂ ಸ್ವಲ್ಪ ಗಮನ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆ ಬಂದ ಮೇಲೆ ಆ ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ. ಆದರೆ ಸಾಮಾನ್ಯ ವಿಧಾನದಲ್ಲಿ, ಡೊಮೇನ್ ಹೊಸ ಸರ್ವರಿಗೆ ತಿರುಗಿದ ಮೇಲೆ ಮಾತ್ರ ಅದು ಅಲ್ಲಿಗೆ ಸರ್ಟಿಫಿಕೇಟ್ ಕೊಡುತ್ತದೆ. ನಡುವಿನ ಕೆಲವು ನಿಮಿಷ ಓದುಗರಿಗೆ ಕೆಂಪು ಎಚ್ಚರಿಕೆ ಕಾಣಿಸುತ್ತದೆ. ಹಳೆಯ ಸರ್ಟಿಫಿಕೇಟನ್ನೇ ಹೊಸ ಸರ್ವರಿಗೆ ನಕಲು ಮಾಡಿಟ್ಟರೆ, ಅಥವಾ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ಸಾಲು ಹಾಕಿ ಮೊದಲೇ ಪಡೆದರೆ ಈ ರಗಳೆ ಇಲ್ಲ.

ಮೇಲ್ ಮಾಯವಾಗುವ ಬಗೆ

ಸೈಟು ಕೆಟ್ಟರೆ ತಕ್ಷಣ ಕಾಣುತ್ತದೆ. ಮೇಲ್ ಕೆಟ್ಟರೆ ಗೊತ್ತಾಗುವುದು ವಾರಗಳ ಮೇಲೆ, ಯಾರೋ ಫೋನ್ ಮಾಡಿ ‘ಕವಿತೆ ಕಳಿಸಿದ್ದೆ, ಉತ್ತರವೇ ಇಲ್ಲ’ ಅಂದಾಗ.

ಮೇಲ್ ಗೂಗಲ್‌ನಂಥ ಬೇರೆ ಕಡೆ ಇದ್ದರೆ ಎಂಎಕ್ಸ್ ದಾಖಲೆ ಮುಟ್ಟಬೇಡಿ, ಅಷ್ಟೇ. ಹಳೆಯ ಹೋಸ್ಟಿಂಗಿನಲ್ಲೇ ಇದ್ದರೆ, ಪೆಟ್ಟಿಗೆಗಳನ್ನು ಹೊಸ ಕಡೆ ಮೊದಲೇ ತೆರೆದಿಟ್ಟು, ಐಮ್ಯಾಪ್‌ಸಿಂಕ್‌ನಂಥ ಉಪಕರಣದಿಂದ ಹಳೆಯ ಪತ್ರ ನಕಲು ಮಾಡಿ, ಆಮೇಲೆ ಎಂಎಕ್ಸ್ ತಿರುವಬೇಕು. ತಿರುವಿದ ಎರಡು ಮೂರು ದಿನದ ನಂತರ ಅದೇ ನಕಲನ್ನು ಮತ್ತೊಮ್ಮೆ ಓಡಿಸಿ. ತಡವಾಗಿ ಹಳೆಯ ಪೆಟ್ಟಿಗೆಗೆ ಬಿದ್ದವು ಸಿಗುತ್ತವೆ.

ಇನ್ನೊಂದು ಸೂಕ್ಷ್ಮ ಇದೆ. ನಿಮ್ಮ ಮೇಲ್ ಗೂಗಲ್‌ನಲ್ಲಿದೆ, ಸೈಟು ಸಿಪ್ಯಾನೆಲ್ ಅನ್ನುವ ನಿರ್ವಹಣಾ ತಂತ್ರಾಂಶ ಇರುವ ಹೊಸ ಸರ್ವರಿನಲ್ಲಿದೆ. ಸೈಟಿನ ‘ಸಂಪರ್ಕಿಸಿ’ ಫಾರ್ಮಿನಿಂದ ನಿಮಗೆ ಪತ್ರ ಬರಬೇಕು. ಹೊಸ ಸರ್ವರ್ ‘ಈ ಡೊಮೇನ್ ನನ್ನದೇ ಅಲ್ವಾ’ ಅಂದುಕೊಂಡು ಪತ್ರವನ್ನು ಹೊರಗೆ ಕಳಿಸದೆ ತನ್ನೊಳಗೇ ಇಟ್ಟುಕೊಳ್ಳಬಹುದು, ಇಲ್ಲಾ ಅಂಥ ವಿಳಾಸವೇ ಇಲ್ಲ ಅಂತ ತಳ್ಳಬಹುದು. ಜಗತ್ತಿನ ಬೇರೆಲ್ಲ ಕಡೆಯಿಂದ ಮೇಲ್ ಬರುತ್ತದೆ, ನಿಮ್ಮ ಸೈಟಿನಿಂದ ಮಾತ್ರ ಬರುವುದಿಲ್ಲ. ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್ ಪುಟದಲ್ಲಿ ‘ರಿಮೋಟ್’ ಅಂತ ಆರಿಸಿದರೆ ಸರಿಹೋಗುತ್ತದೆ. ತಿರುವಿದ ದಿನವೇ ಆ ಫಾರ್ಮ್ ತುಂಬಿ ನೋಡಿ.

ಹಳೆಯ ಅಕೌಂಟ್

ಒಂದು ತಿಂಗಳಾದರೂ ಹಳೆಯದನ್ನು ಉಳಿಸಿಕೊಳ್ಳಿ. ಆದ್ದರಿಂದಲೇ ರಿನ್ಯೂವಲ್ ತಾರೀಖಿಗೆ ಎರಡು ತಿಂಗಳು ಮೊದಲು ಕೆಲಸ ಶುರು ಮಾಡಬೇಕು, ಕೊನೇ ವಾರದಲ್ಲಲ್ಲ. ಮುಚ್ಚುವಾಗ ಹೋಸ್ಟಿಂಗನ್ನು ಮಾತ್ರ ಮುಚ್ಚಿ. ಡೊಮೇನೂ ಅದೇ ಅಕೌಂಟಿನಲ್ಲಿದ್ದರೆ ಅದರ ರಿನ್ಯೂವಲ್ ಚಾಲೂ ಇದೆಯಾ ನೋಡಿ.

ಕಾರ್ಡ್ ಕೊಟ್ಟಿದ್ದೇವೆ, ತಾನೇ ರಿನ್ಯೂ ಆಗುತ್ತದೆ ಅಂತ ನಂಬಿ ಕೂರುವ ಹಾಗೂ ಇಲ್ಲ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಕಾರ್ಡಿನ ಆಟೋ ಪಾವತಿಗಳಿಗೆ ಹೊಸ ನಿಯಮ ತಂದಿತು. ಮೊದಲೇ ಒಪ್ಪಿಗೆ ದಾಖಲಾಗಿರಬೇಕು, ಮಿತಿ ಮೀರಿದರೆ ಒಟಿಪಿ ಬೇಕು. ವಿದೇಶಿ ಕಂಪನಿಗಳ ಎಷ್ಟೋ ಪಾವತಿಗಳು ಆಗ ನಿಂತವು. ಡಾಟ್ ಕಾಮ್ ಅವಧಿ ಮುಗಿದರೂ ಕೂಡಲೇ ಕೈತಪ್ಪುವುದಿಲ್ಲ. ರಿಜಿಸ್ಟ್ರಾರ್ ಕೊಡುವ ಕೆಲವು ದಿನದ ಗಡುವಿನ ನಂತರ, ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಅದು ಕಳೆದು ಐದು ದಿನಕ್ಕೆ ಹೆಸರು ಸಂತೆಗೆ ಬರುತ್ತದೆ. ಒಳ್ಳೆಯ ಹೆಸರಾದರೆ ಕಾದು ಕುಳಿತವರು ಇದ್ದೇ ಇರುತ್ತಾರೆ.

ಎಲ್ಲ ಮುಗಿದ ಮೇಲೆ ಮೂರು ಚಿಕ್ಕ ಕೆಲಸ. ಟಿಟಿಎಲ್ ಅನ್ನು ಮತ್ತೆ ಮೇಲಕ್ಕೇರಿಸಿ. ಹಳೆಯ ಸರ್ವರಿನಿಂದ ಕೊನೆಯ ಬ್ಯಾಕಪ್ ಇಳಿಸಿಕೊಂಡು ಅಲ್ಲಿನ ಡೇಟಾಬೇಸ್ ಅಳಿಸಿ, ಓದುಗರ ಇಮೇಲುಗಳು ಅದರಲ್ಲಿರುತ್ತವೆ. ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಬರೆದ ಆ ಒಂದು ಸಾಲನ್ನು ಅಳಿಸಿ. ಅದನ್ನು ಮರೆತರೆ, ಎರಡು ವರ್ಷ ಬಿಟ್ಟು ಮುಂದಿನ ಕಂಪನಿಗೆ ಹೋದಾಗ ಸೈಟು ಎಲ್ಲರಿಗೂ ತೆರೆದುಕೊಳ್ಳುತ್ತದೆ, ನಿಮಗೊಬ್ಬರಿಗೆ ಇಲ್ಲ.